ನಮ್ಮಲ್ಲಿ ಓಡುತ್ತದೆ, ಅವರಲ್ಲಿ ಓಡುವುದಿಲ್ಲ: ಇಎಕ್ಸ್‌ಇ ಕುರಿತ ತಪ್ಪು ಕಲ್ಪನೆಗಳು

ಪೈಥಾನ್‌ನಲ್ಲಿ ಬರೆದ ಪುಟ್ಟ ಸ್ಕ್ರಿಪ್ಟು. ಎಕ್ಸೆಲ್ ಹಾಳೆ ಓದುತ್ತದೆ, ಲೆಕ್ಕ ಹಾಕುತ್ತದೆ, ವರದಿ ಬರೆಯುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಅದರದ್ದು ಯಾವ ತಕರಾರೂ ಇಲ್ಲ. ಪೈಥಾನ್ ಎಂದರೇನೆಂದು ತಿಳಿಯದ ಸಹೋದ್ಯೋಗಿಗೂ ಉಪಯೋಗವಾಗಲಿ ಎಂದು ಪೈಇನ್‌ಸ್ಟಾಲರ್ ಎಂಬ ಪ್ಯಾಕೇಜರ್‌ನಿಂದ ಅದನ್ನು ಇಎಕ್ಸ್‌ಇ ಮಾಡುತ್ತೇವೆ. ಅವರು ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ. ಅಲ್ಲಿಂದ ಸಲಹೆಗಳು ಶುರು. ಅಡ್ಮಿನ್ ಆಗಿ ಓಡಿಸಿ, ಪೈಥಾನ್ ಕಿತ್ತು ಮತ್ತೆ ಹಾಕಿ, ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ, ಬೇರೆ ಪ್ಯಾಕೇಜರ್ ಹಿಡಿಯಿರಿ. ಯಾವುದಕ್ಕೂ ಕಾರಣ ಹೇಳುವವರಿಲ್ಲ. ನಾವೆಲ್ಲ ಒಂದಲ್ಲ ಒಂದು ಕಾಲಕ್ಕೆ ಇವನ್ನು ನಂಬಿದವರೇ. ಎಂದೋ ಒಮ್ಮೆ ಒಂದು ಸಲಹೆ ಫಲಿಸಿದ್ದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು, ಅಷ್ಟೇ. ಹಾಗಾಗಿ ನಗದೆ, ಒಂದೊಂದನ್ನೇ ಎತ್ತಿಕೊಂಡು ನೋಡೋಣ.

ಇಎಕ್ಸ್‌ಇ ಆದ ಮೇಲೆ ಸ್ಕ್ರಿಪ್ಟು ಯಂತ್ರಭಾಷೆಗೆ ಬದಲಾಗುತ್ತದೆ, ಆ ಬದಲಾವಣೆಯಲ್ಲೇ ಏನೋ ಕೆಡುತ್ತದೆ ಎಂಬುದು ಮೊದಲ ನಂಬಿಕೆ. ಬದಲಾದ ಮೇಲೆ ಪ್ರೋಗ್ರಾಂ ಹೆಚ್ಚು ವೇಗವಾಗಿ ಓಡುತ್ತದೆ ಎಂಬುದು ಅದರ ಬಾಲ.

ವಾಸ್ತವ: ಪೈಇನ್‌ಸ್ಟಾಲರ್ ಯಾವ ಅನುವಾದವನ್ನೂ ಮಾಡುವುದಿಲ್ಲ. ಅದು ಬುತ್ತಿ ಕಟ್ಟುತ್ತದೆ, ಅಡುಗೆ ಮಾಡುವುದಿಲ್ಲ. ಬುತ್ತಿಯೊಳಗೆ ನಾಲ್ಕು ಪದಾರ್ಥಗಳಿರುತ್ತವೆ: ಸಿ ಭಾಷೆಯಲ್ಲಿ ಬರೆದ ಬೂಟ್‌ಲೋಡರ್ ಎಂಬ ಸಣ್ಣ ಚಾಲಕ, ಪೈಥಾನ್ ಇಂಟರ್‌ಪ್ರಿಟರಿನ ಡಿಎಲ್‌ಎಲ್, ನಮ್ಮ ಸ್ಕ್ರಿಪ್ಟಿನ ಹಾಗೂ ಲೈಬ್ರರಿಗಳ ಬೈಟ್‌ಕೋಡ್, ಅವುಗಳಿಗೆ ಬೇಕಾದ ಉಳಿದ ಡಿಎಲ್‌ಎಲ್‌ಗಳು. ಓಡುವಾಗ ಕೆಲಸ ಮಾಡುವುದು ಅದೇ ಪೈಥಾನ್, ಅದೇ ಬೈಟ್‌ಕೋಡ್. ವೇಗ ಹೆಚ್ಚುವ ಪ್ರಶ್ನೆಯೇ ಇಲ್ಲ. ಒನ್‌ಫೈಲ್ ಆಯ್ಕೆ ಕೊಟ್ಟು ಎಲ್ಲವನ್ನೂ ಒಂದೇ ಕಡತವಾಗಿ ಕಟ್ಟಿದ್ದರೆ ಆರಂಭ ಇನ್ನೂ ನಿಧಾನ. ಏಕೆಂದರೆ ಪ್ರತಿ ಸಲ ತೆರೆದಾಗಲೂ ಒಳಗಿರುವುದನ್ನೆಲ್ಲ ಟೆಂಪ್ ಫೋಲ್ಡರಿಗೆ ಬಿಚ್ಚಿ ಹಾಕಿ, ಆಮೇಲೆ ಓಡಿಸಬೇಕು.

ಕೋಡು ಬದಲಾಗಿಲ್ಲ, ಅದು ಕುಳಿತ ಜಾಗ ಬದಲಾಗಿದೆ. ಈ ಒಂದು ವ್ಯತ್ಯಾಸ ಹಿಡಿದರೆ ಮುಂದಿನ ಅರ್ಧ ದೂರುಗಳಿಗೆ ಉತ್ತರ ಸಿಗುತ್ತದೆ. ತಾನಿದ್ದ ಫೋಲ್ಡರು, ನೆರೆಯಲ್ಲಿದ್ದ ಕಡತಗಳು, ನಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿದ್ದ ಲೈಬ್ರರಿಗಳು, ನಮ್ಮ ಸೆಟ್ಟಿಂಗುಗಳು ಯಾವುವೂ ಈಗ ಸ್ಕ್ರಿಪ್ಟಿನ ಪಕ್ಕದಲ್ಲಿಲ್ಲ.

ಸ್ಕ್ರಿಪ್ಟ್ ಓಡಿಸಲು ವಿಫಲ ಎಂಬ ಅರ್ಥದ ಪುಟ್ಟ ಪೆಟ್ಟಿಗೆ ತೆರೆದರೆ ಅದೇ ರೋಗದ ಹೆಸರು, ಆ ವಾಕ್ಯವನ್ನೇ ಗೂಗಲ್‌ನಲ್ಲಿ ಹುಡುಕಿದರೆ ಮದ್ದು ಸಿಗುತ್ತದೆ ಎಂದುಕೊಂಡಿದ್ದೇವೆ.

ವಾಸ್ತವ: ಆ ವಾಕ್ಯ ಬೂಟ್‌ಲೋಡರ್ ಸ್ಕ್ರಿಪ್ಟಿನ ಎಲ್ಲ ರೋಗಕ್ಕೂ ಹೇಳುವ ಒಂದೇ ಮಾತು. ಸ್ಕ್ರಿಪ್ಟಿನೊಳಗೆ ಎಲ್ಲೋ ಒಂದು ಎಕ್ಸೆಪ್ಷನ್ ಎದ್ದಿತು, ಯಾರೂ ಹಿಡಿಯಲಿಲ್ಲ ಎಂಬುದಷ್ಟೇ ಅದರ ಅರ್ಥ. ಕಡತ ಸಿಗದಿದ್ದರೂ ಅದೇ, ಲೈಬ್ರರಿ ಇಲ್ಲದಿದ್ದರೂ ಅದೇ, ಸೊನ್ನೆಯಿಂದ ಭಾಗಿಸಿದರೂ ಅದೇ. ಅದನ್ನು ಹುಡುಕಿ ಸಿಗುವ ಸಾವಿರ ಉತ್ತರಗಳಲ್ಲಿ ನಮ್ಮದಕ್ಕೆ ಹೊಂದುವುದು ಯಾವುದೆಂದು ತಿಳಿಯುವ ದಾರಿಯಿಲ್ಲ. ನಿಜವಾದ ಕಾರಣ ಇರುವುದು ಪೈಥಾನ್ ಬರೆಯುವ ಟ್ರೇಸ್‌ಬ್ಯಾಕ್ ಎಂಬ ದೋಷ ವಿವರದ ಕೊನೆಯ ಸಾಲಿನಲ್ಲಿ.

ಕಪ್ಪು ಕಿಟಕಿ ಮಿಂಚಿ ಹೋಗುವುದೂ ಹೀಗೆಯೇ. ಪ್ರೋಗ್ರಾಂ ಸತ್ತ ಕೂಡಲೇ ವಿಂಡೋಸ್ ಕಿಟಕಿ ಮುಚ್ಚುತ್ತದೆ, ಬರೆದ ಸಂದೇಶವೂ ಅದರೊಂದಿಗೆ ಹೋಗುತ್ತದೆ. ಡಬಲ್ ಕ್ಲಿಕ್ ಬಿಡಿ. ಕಮಾಂಡ್ ಪ್ರಾಂಪ್ಟ್ ತೆರೆದು, ಇಎಕ್ಸ್‌ಇ ಇರುವ ಫೋಲ್ಡರಿಗೆ ಹೋಗಿ, ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಈಗ ಸಂದೇಶ ನಿಲ್ಲುತ್ತದೆ. ದೋಷ ಹುಡುಕುವಷ್ಟು ದಿನ ಒನ್‌ಫೈಲ್ ಬೇಡ, ಕಿಟಕಿ ಅಡಗಿಸುವ ಆಯ್ಕೆಯೂ ಬೇಡ. ಫೋಲ್ಡರಾಗಿ ಕಟ್ಟುವ ಒನ್‌ಡಿರ್ ರೂಪದಲ್ಲಿ ಒಳಗೆ ಏನೇನು ಸೇರಿದೆ ಎಂದು ಕಣ್ಣಾರೆ ನೋಡಬಹುದು. ಅದು ಸರಿಯಾಗಿ ಓಡಿದ ಮೇಲೆ ಒಂದೇ ಕಡತ ಮಾಡುವ ಆಸೆ ಪೂರೈಸಿಕೊಳ್ಳಬಹುದು.

ಪೈಥಾನ್ ಡಿಎಲ್‌ಎಲ್ ಸಿಗಲಿಲ್ಲ ಎಂದು ಬಂದರೆ, ಬಳಸುವವರ ಕಂಪ್ಯೂಟರಿಗೂ ಪೈಥಾನ್ ಹಾಕಬೇಕು ಎನ್ನುವವರಿದ್ದಾರೆ.

ವಾಸ್ತವ: ಬೇಡ. ಪೈಥಾನ್ ಹಾಕುವ ಕೆಲಸ ತಪ್ಪಲಿ ಎಂದಲ್ಲವೇ ಇಷ್ಟೆಲ್ಲ ಮಾಡಿದ್ದು! ಈ ಸಂದೇಶಕ್ಕೆ ಹೆಚ್ಚಾಗಿ ಎರಡು ಕಾರಣ. ಒಂದು, ಬಿಲ್ಡ್ ಫೋಲ್ಡರಿನ ಇಎಕ್ಸ್‌ಇಯನ್ನು ಒತ್ತಿರುತ್ತೇವೆ. ಅದು ಅರೆಬೆಂದದ್ದು, ಕೊಡಬೇಕಾದದ್ದು ಡಿಸ್ಟ್ ಫೋಲ್ಡರಿನಲ್ಲಿರುವುದು. ಎರಡು, ಒನ್‌ಡಿರ್ ರೂಪದಲ್ಲಿ ಕಟ್ಟಿ, ಇಎಕ್ಸ್‌ಇಯನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿರುತ್ತೇವೆ. ಇಡೀ ಫೋಲ್ಡರು ಜತೆಗೆ ಹೋಗಬೇಕು. 2023ರಲ್ಲಿ ಬಂದ ಪೈಇನ್‌ಸ್ಟಾಲರ್ 6.0ರಿಂದ ಈಚೆಗೆ ಇಎಕ್ಸ್‌ಇಯ ಪಕ್ಕದಲ್ಲಿ ಇಂಟರ್ನಲ್ ಎಂಬ ಒಂದೇ ಒಳಫೋಲ್ಡರು ಕಾಣುತ್ತದೆ. ಮಿಕ್ಕಿದ್ದೆಲ್ಲ ಅದರೊಳಗೇ ಇದೆ. ನೋಡಲು ಚೊಕ್ಕಟವಾಯಿತು ನಿಜ, ಆದರೆ ಅದನ್ನು ಕಸವೆಂದು ತಿಳಿದು ಅಳಿಸುವವರೂ ಹುಟ್ಟಿಕೊಂಡರು.

ಈ ನಂಬಿಕೆಯಲ್ಲಿ ಸತ್ಯದ ಎಳೆಯೊಂದು ಇದೆ ಎಂಬುದನ್ನೂ ಹೇಳಬೇಕು. ಸ್ಕ್ರಿಪ್ಟು ಹೊರಗಿನ ಪ್ರೋಗ್ರಾಂ ಒಂದನ್ನು ಕರೆಯುತ್ತಿದ್ದರೆ ಅದು ಬುತ್ತಿಗೆ ಸೇರಿರುವುದಿಲ್ಲ. ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಪಠ್ಯ ಮಾಡಲು ಪೈಟೆಸೆರಾಕ್ಟ್ ಬಳಸಿದ್ದೀರಿ ಎನ್ನಿ. ಅದು ಟೆಸೆರಾಕ್ಟ್ ಎಂಬ ಬೇರೊಂದು ಪ್ರೋಗ್ರಾಮನ್ನು ಕರೆಯುವ ತೆಳುವಾದ ಹೊದಿಕೆ ಮಾತ್ರ. ಎಂಜಿನ್ ಬೇರೆ, ಕನ್ನಡದ ತರಬೇತಿ ಕಡತ ಬೇರೆ, ಎರಡೂ ಆ ಯಂತ್ರದಲ್ಲಿ ಇರಲೇಬೇಕು. ವಿಡಿಯೋ ಕತ್ತರಿಸಲು ಎಫ್‌ಎಫ್‌ಎಂಪೆಗ್ ಕರೆಯುವ ಸ್ಕ್ರಿಪ್ಟಿಗೂ ಇದೇ ಮಾತು.

ಎಕ್ಸೆಲ್ ಹಾಳೆ, ಚಿತ್ರ, ಡೇಟಾಬೇಸ್ ಎಲ್ಲ ಸ್ಕ್ರಿಪ್ಟಿನ ಪಕ್ಕದಲ್ಲೇ ಇದ್ದವು, ಹಾಗಾಗಿ ಇಎಕ್ಸ್‌ಇಗೂ ಅವು ತಾನಾಗಿ ಸಿಗುತ್ತವೆ ಎಂಬ ನಂಬಿಕೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವಿದೆ.

ವಾಸ್ತವ: ಪಕ್ಕ ಎಂದರೆ ಎಲ್ಲಿ? ಸ್ಕ್ರಿಪ್ಟ್ ಓಡಿಸುವಾಗ ಮೂರು ಜಾಗಗಳು ಒಂದೇ ಫೋಲ್ಡರಿನಲ್ಲಿ ಕೂಡಿಕೊಂಡಿರುತ್ತವೆ. ಕೋಡು ಇರುವ ಜಾಗ, ಪ್ರೋಗ್ರಾಮನ್ನು ಶುರು ಮಾಡಿದ ಜಾಗ, ನಮ್ಮ ಕಣ್ಣಿಗೆ ಕಾಣುವ ಕಡತದ ಜಾಗ. ಹೀಗಾಗಿ ಅವು ಮೂರು ಎಂಬುದೇ ನಮಗೆ ಗೊತ್ತಾಗುವುದಿಲ್ಲ. ಇಎಕ್ಸ್‌ಇ ಮಾಡಿದ ದಿನ ಅವು ಬೇರೆಯಾಗುತ್ತವೆ.

ಮೊದಲನೆಯದು, ಬಿಚ್ಚಿದ ಜಾಗ. ಒನ್‌ಫೈಲ್ ಇಎಕ್ಸ್‌ಇ ಪ್ರತಿ ಸಲವೂ ಟೆಂಪ್‌ನೊಳಗೆ ಎಂಇಐ ಅಕ್ಷರಗಳು ಮತ್ತು ಕೆಲವು ಅಂಕೆಗಳ ಹೆಸರಿನ ಹೊಸ ಫೋಲ್ಡರ್ ಮಾಡಿಕೊಂಡು ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸಿಸ್ ಮಾಡ್ಯೂಲಿನ ಎಂಇಐಪಾಸ್ ಎಂಬ ಗುಣ ಆ ವಿಳಾಸ ಹೇಳುತ್ತದೆ (ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಮರೆಯಬೇಡಿ). ಈಗಿನ ಆವೃತ್ತಿಗಳಲ್ಲಿ ಡಬಲ್ ಅಂಡರ್‌ಸ್ಕೋರಿನ ಫೈಲ್ ಎಂಬ ಚರವೂ ಇಲ್ಲಿಗೇ ಕೈ ತೋರಿಸುತ್ತದೆ. ಎರಡನೆಯದು, ಇಎಕ್ಸ್‌ಇ ಇರುವ ಜಾಗ. ಅದನ್ನು ಸಿಸ್ ಎಕ್ಸಿಕ್ಯೂಟಬಲ್ ಹೇಳುತ್ತದೆ. ಮೂರನೆಯದು, ಕರೆಂಟ್ ಡೈರೆಕ್ಟರಿ. ಡಬಲ್ ಕ್ಲಿಕ್ ಮಾಡಿದರೆ ಅದು ಸಾಮಾನ್ಯವಾಗಿ ಇಎಕ್ಸ್‌ಇ ಇರುವ ಫೋಲ್ಡರೇ. ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ನಿಂದ ತೆರೆದರೆ ಆ ಶಾರ್ಟ್‌ಕಟ್‌ನ ಸ್ಟಾರ್ಟ್ ಇನ್ ಎಂಬ ಕಲಂನಲ್ಲಿ ಬರೆದದ್ದು. ಟಾಸ್ಕ್ ಶೆಡ್ಯೂಲರ್‌ನಲ್ಲಿ ಏನೂ ಬರೆಯದೆ ಬಿಟ್ಟರೆ ವಿಂಡೋಸಿನ ಸಿಸ್ಟಮ್32 ಫೋಲ್ಡರು. ಹಗಲು ನಾವು ಒತ್ತಿದಾಗ ಓಡುವ ಪ್ರೋಗ್ರಾಂ ರಾತ್ರಿ ತಾನಾಗಿ ಓಡಬೇಕಾದಾಗ ಕಡತ ಸಿಗಲಿಲ್ಲ ಎಂದು ಸಾಯುವುದಕ್ಕೆ ಕಾರಣ ಇದು. ಗ್ರಹಚಾರ ಏನೂ ಇಲ್ಲ.

ಕೋಡಿನಲ್ಲಿ ಬರಿಯ ಕಡತದ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಮೂರನೆಯ ಜಾಗದಲ್ಲಿ. ನಾವು ಕಟ್ಟಿಕೊಟ್ಟ ಕಡತ ಇರುವುದು ಮೊದಲನೆಯದರಲ್ಲಿ. ಅದೂ ಕಟ್ಟಿಕೊಟ್ಟಿದ್ದರೆ! ಪೈಇನ್‌ಸ್ಟಾಲರ್ ಹುಡುಕುವುದು ಇಂಪೋರ್ಟ್ ಸಾಲುಗಳನ್ನು. ಓಪನ್ ಎಂದು ತೆರೆಯುವ ಕಡತಗಳನ್ನು ಅದು ನೋಡುವುದಿಲ್ಲ. ಚಿತ್ರ, ಫಾಂಟ್, ಟೆಂಪ್ಲೇಟುಗಳನ್ನು ಆ್ಯಡ್-ಡೇಟಾ ಆಯ್ಕೆಯಿಂದ ನಾವೇ ಹೇಳಿ ಸೇರಿಸಬೇಕು. ಸೇರಿಸಿದ ಮೇಲೆ ಕೋಡಿನಲ್ಲಿ ಅದರ ಪೂರ್ತಿ ವಿಳಾಸವನ್ನು ಮೊದಲನೆಯ ಜಾಗದಿಂದ ಕಟ್ಟಬೇಕು. ಎರಡರಲ್ಲಿ ಒಂದನ್ನು ಮಾತ್ರ ಮಾಡಿ ಇನ್ನೊಂದನ್ನು ಬಿಟ್ಟವರು ನಮ್ಮಲ್ಲಿ ಬಹುಮಂದಿ.

ಇಷ್ಟಾದರೂ ದೋಷ ಕಣ್ಣಿಗೆ ಕಾಣುತ್ತದೆ, ಎರರ್ ಬರುತ್ತದೆ. ಎರರ್ ಬಾರದ ದೋಷ ಇನ್ನೂ ಕೆಟ್ಟದ್ದು. ಎಸ್‌ಕ್ಯೂಲೈಟ್ ಡೇಟಾಬೇಸನ್ನೂ ಆ್ಯಡ್-ಡೇಟಾ ಮೂಲಕ ಒಳಗೆ ಸೇರಿಸಿ, ಒನ್‌ಫೈಲ್ ಮಾಡಿ ಅಂಗಡಿಯವರಿಗೆ ಕೊಟ್ಟರೆ ಪ್ರೋಗ್ರಾಂ ಸೊಗಸಾಗಿ ಓಡುತ್ತದೆ. ದಿನವಿಡೀ ಬಿಲ್ ಬರೆಯುತ್ತಾರೆ, ಉಳಿಸುತ್ತಾರೆ, ಉಳಿಯಿತು ಎಂದೂ ತೋರಿಸುತ್ತದೆ. ಮಾರನೆಯ ದಿನ ತೆರೆದರೆ ಒಂದು ಬಿಲ್ಲೂ ಇಲ್ಲ. ವೈರಸ್ ತಿಂದಿತು, ಹಾರ್ಡ್‌ಡಿಸ್ಕ್ ಹೋಯಿತು ಎಂಬ ಮಾತು ಹುಟ್ಟುವುದು ಇಲ್ಲೇ. ಆದದ್ದು ಇಷ್ಟು: ಬಿಲ್ಲುಗಳು ಟೆಂಪ್ ಫೋಲ್ಡರಿನ ಪ್ರತಿಯೊಳಗೆ ಬರೆಸಿಕೊಂಡವು, ಪ್ರೋಗ್ರಾಂ ಮುಚ್ಚಿದಾಗ ಆ ಫೋಲ್ಡರು ಅಳಿಸಿಹೋಯಿತು, ಮಾರನೆಯ ದಿನ ಇಎಕ್ಸ್‌ಇಯೊಳಗಿನ ಹಳೆಯ ಪ್ರತಿ ಹೊಸದಾಗಿ ಬಿಚ್ಚಿಕೊಂಡಿತು.

ಆದ್ದರಿಂದ ಓದಲು ಮಾತ್ರ ಇರುವುದನ್ನು ಬುತ್ತಿಯೊಳಗಿಡಿ, ಬರೆಯುವುದನ್ನು ಹೊರಗಿಡಿ. ಹೊರಗೆ ಎಂದರೆ ಇಎಕ್ಸ್‌ಇಯ ಪಕ್ಕವೂ ಯಾವಾಗಲೂ ಸುರಕ್ಷಿತವಲ್ಲ. ಯಾರಾದರೂ ಅದನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಇಟ್ಟರೆ ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯುವ ಅನುಮತಿ ಇರುವುದಿಲ್ಲ. ಬಳಕೆದಾರನ ಆ್ಯಪ್‌ಡೇಟಾ ಫೋಲ್ಡರೋ ಡಾಕ್ಯುಮೆಂಟ್ಸೋ ಸರಿಯಾದ ಜಾಗ.

ನಮ್ಮ ಯಂತ್ರದಲ್ಲಿ ಪಿಪ್‌ನಿಂದ ಹಾಕಿದ ಲೈಬ್ರರಿಗಳೆಲ್ಲ ತಾವಾಗಿ ಇಎಕ್ಸ್‌ಇಯೊಳಗೆ ಸೇರುತ್ತವೆ, ಮಾಡ್ಯೂಲ್ ಇಲ್ಲ ಎಂದರೆ ಪಿಪ್‌ನಿಂದ ಮತ್ತೆ ಹಾಕಿದರಾಯಿತು ಎನ್ನುತ್ತಾರೆ.

ವಾಸ್ತವ: ಸೇರುವುದು ಹಾಕಿದ್ದೆಲ್ಲ ಅಲ್ಲ, ಕಂಡದ್ದು ಮಾತ್ರ. ಪೈಇನ್‌ಸ್ಟಾಲರ್ ಕೋಡನ್ನು ಓಡಿಸದೆ, ಓದಿ, ಇಂಪೋರ್ಟ್ ಸಾಲುಗಳನ್ನು ಹಿಂಬಾಲಿಸುತ್ತದೆ. ಫಂಕ್ಷನ್ನಿನ ಒಳಗೆ ಬರೆದ ಇಂಪೋರ್ಟನ್ನೂ ಹಿಡಿಯುತ್ತದೆ. ಆದರೆ ಮಾಡ್ಯೂಲಿನ ಹೆಸರನ್ನು ಒಂದು ಸ್ಟ್ರಿಂಗ್ ಆಗಿ ಕಟ್ಟಿ, ಓಡುವ ಹೊತ್ತಿನಲ್ಲಿ ಇಂಪೋರ್ಟ್‌ಲಿಬ್‌ನಿಂದ ಕರೆದರೆ ಅದು ಅದಕ್ಕೆ ಕಾಣುವುದಿಲ್ಲ. ದಿನಾಂಕ ಆರಿಸುವ ಟಿಕೆಕ್ಯಾಲೆಂಡರ್ ಬಳಸಿದವರಿಗೆ ಬೇಬಲ್ ನಂಬರ್ಸ್ ಇಲ್ಲ ಎಂಬ ಎರರ್, ಮಾತನಾಡಿಸುವ ಪೈಟಿಟಿಎಸ್ಎಕ್ಸ್3 ಬಳಸಿದವರಿಗೆ ಡ್ರೈವರ್ಸ್ ಇಲ್ಲ ಎಂಬ ಎರರ್ ಹಳೆಯ ಪರಿಚಯಸ್ಥರು. ಇಂಥವಕ್ಕೆ ಹಿಡನ್-ಇಂಪೋರ್ಟ್ ಆಯ್ಕೆಯಿದೆ. ಜನಪ್ರಿಯ ಲೈಬ್ರರಿಗಳಿಗೆ ಹುಕ್ ಎಂಬ ಸಿದ್ಧ ಸೂಚನೆಗಳು ಪೈಇನ್‌ಸ್ಟಾಲರ್ ಜತೆಗೆ ಬರುತ್ತವೆ. ಹಳೆಯ ಪೈಇನ್‌ಸ್ಟಾಲರ್‌ನಲ್ಲಿ ಕೆಟ್ಟದ್ದು ಹೊಸದರಲ್ಲಿ ಸುಮ್ಮನೆ ಸರಿಹೋಗುವುದು ಈ ಹುಕ್‌ಗಳಿಂದ, ಪವಾಡದಿಂದಲ್ಲ. ಕೆಲವು ಲೈಬ್ರರಿಗಳು ತಮ್ಮ ಆವೃತ್ತಿಯನ್ನು ತಮ್ಮದೇ ಮೆಟಾಡೇಟಾದಿಂದ ಓದಿಕೊಳ್ಳುತ್ತವೆ. ಪ್ಯಾಕೇಜ್ ಸಿಗಲಿಲ್ಲ ಎಂದು ಅವು ಕೂಗಿದರೆ ಕಾಪಿ-ಮೆಟಾಡೇಟಾ ಎಂಬ ಆಯ್ಕೆ ಬೇಕು.

ಪಿಪ್‌ನಿಂದ ಮತ್ತೆ ಹಾಕುವ ಸಲಹೆ ಒಮ್ಮೊಮ್ಮೆ ಫಲಿಸುತ್ತದೆ, ಅದಕ್ಕೂ ಕಾರಣವಿದೆ. ಒಂದೇ ಯಂತ್ರದಲ್ಲಿ ಎರಡು ಮೂರು ಪೈಥಾನ್‌ಗಳಿರುತ್ತವೆ. ಲೈಬ್ರರಿ ಒಂದರೊಳಗೆ, ಪೈಇನ್‌ಸ್ಟಾಲರ್ ಇನ್ನೊಂದರೊಳಗೆ. ಎಡಿಟರಿನಲ್ಲಿ ಓಡಿಸುವ ಪೈಥಾನ್‌ಗೆ ಲೈಬ್ರರಿ ಗೊತ್ತು, ಕಟ್ಟುವ ಪೈಥಾನ್‌ಗೆ ಗೊತ್ತಿಲ್ಲ. ಪೈಇನ್‌ಸ್ಟಾಲರ್ ಎಂದು ನೇರವಾಗಿ ಕರೆಯದೆ, ಸ್ಕ್ರಿಪ್ಟ್ ಓಡಿಸುವ ಅದೇ ಪೈಥಾನ್‌ನಿಂದ ಎಂ ಸ್ವಿಚ್ ಕೊಟ್ಟು ಮಾಡ್ಯೂಲ್ ಆಗಿ ಕರೆದರೆ ಈ ಗೊಂದಲವೇ ಇಲ್ಲ. ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಬೇಕಾದಷ್ಟೇ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಇಎಕ್ಸ್‌ಇಯ ಗಾತ್ರವೂ ಇಳಿಯುತ್ತದೆ.

ಏನು ಬಿಟ್ಟುಹೋಯಿತು ಎಂಬ ಪಟ್ಟಿಯನ್ನು ಪೈಇನ್‌ಸ್ಟಾಲರ್ ತಾನೇ ಬರೆದಿಡುತ್ತದೆ. ಬಿಲ್ಡ್ ಫೋಲ್ಡರಿನಲ್ಲಿ ವಾರ್ನ್ ಎಂದು ಶುರುವಾಗುವ ಪಠ್ಯ ಕಡತ ಅದು. ತೆರೆದು ನೋಡುವವರು ಕಡಿಮೆ. ನೋಡಿದವರೂ ಉದ್ದ ಪಟ್ಟಿ ಕಂಡು ಗಾಬರಿಯಾಗುತ್ತಾರೆ. ಅದರಲ್ಲಿ ಹೆಚ್ಚಿನವು ನಿರುಪದ್ರವಿ. ವಿಂಡೋಸಿನಲ್ಲಿ ಕಟ್ಟುವಾಗ ಲಿನಕ್ಸಿಗೆ ಮಾತ್ರ ಸೇರಿದ ಮಾಡ್ಯೂಲುಗಳು ಇಲ್ಲ ಎಂದು ಬರೆದಿರುತ್ತದೆ, ಇರಬೇಕಾಗಿಯೂ ಇಲ್ಲ. ಟ್ರೇಸ್‌ಬ್ಯಾಕ್‌ನಲ್ಲಿ ಬಂದ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿದರೆ ಸಾಕು.

ಕಪ್ಪು ಕಿಟಕಿ ಕಾಣದಂತೆ ಮಾಡುವ ಆಯ್ಕೆ ಬರಿಯ ಅಲಂಕಾರ ಎಂದುಕೊಂಡಿರುತ್ತೇವೆ.

ವಾಸ್ತವ: ಕಿಟಕಿಯ ಜತೆಗೆ ಪ್ರೋಗ್ರಾಮಿನ ಬಾಯಿ ಕಿವಿಗಳೂ ಹೋಗುತ್ತವೆ. ನೋಕನ್ಸೋಲ್ ಆಯ್ಕೆಯಲ್ಲಿ ಸ್ಟ್ಯಾಂಡರ್ಡ್ ಔಟ್‌ಪುಟ್ ಮತ್ತು ಎರರ್ ಎರಡೂ ನನ್, ಅಂದರೆ ಏನೂ ಇಲ್ಲ ಎಂಬ ಬೆಲೆ, ಆಗಿರುತ್ತವೆ. ಸಾಧಾರಣ ಪ್ರಿಂಟ್ ಸದ್ದಿಲ್ಲದೆ ದಾಟಿಹೋಗುತ್ತದೆ. ಆದರೆ ಅವುಗಳ ರೈಟ್ ಅನ್ನು ನೇರವಾಗಿ ಕರೆಯುವ ಲೈಬ್ರರಿ, ಉದಾಹರಣೆಗೆ ಪ್ರಗತಿಯ ಪಟ್ಟಿ ತೋರಿಸುವ ಟಿಕ್ಯೂಡಿಎಂ, ನನ್‌ಗೆ ರೈಟ್ ಎಂಬುದಿಲ್ಲ ಎಂದು ಬಿದ್ದುಹೋಗುತ್ತದೆ. ಎಂಟರ್ ಒತ್ತಿ ಮುಗಿಸಿ ಎಂದು ಕೊನೆಗೆ ಇಟ್ಟ ಇನ್‌ಪುಟ್ ಸಾಲೂ ಎರರ್ ಕೊಡುತ್ತದೆ. ಕಿಟಕಿ ಬೇಡವಾದರೆ ಸಂದೇಶಗಳನ್ನು ಲಾಗ್ ಕಡತಕ್ಕೆ ಬರೆಯಿರಿ. ಮುಗಿಸಲು ಬರಿಯ ಎಕ್ಸಿಟ್ ಬದಲು ಸಿಸ್ ಎಕ್ಸಿಟ್ ಬಳಸಿ. ಬರಿಯ ಎಕ್ಸಿಟ್ ಎಂಬುದು ಪೈಥಾನ್‌ನ ಸೈಟ್ ಮಾಡ್ಯೂಲ್ ತಂದುಕೊಡುವ ಅನುಕೂಲ, ಕಟ್ಟಿದ ಪ್ರೋಗ್ರಾಮಿನಲ್ಲಿ ಅದು ಇರುತ್ತದೆಂದು ನಂಬುವಂತಿಲ್ಲ.

ಒತ್ತಿದ್ದು ಒಂದು ಸಲ, ತೆರೆದದ್ದು ಹತ್ತಾರು. ಇದು ವೈರಸ್ಸಿನ ಕೆಲಸವೇ ಎಂದು ಪವರ್ ಪ್ಲಗ್ ಕಿತ್ತವರಿದ್ದಾರೆ.

ವಾಸ್ತವ: ಇದು ನಮ್ಮದೇ ಪ್ರೋಗ್ರಾಂ ತನ್ನನ್ನು ತಾನು ಕರೆದುಕೊಳ್ಳುತ್ತಿರುವುದು. ಮಲ್ಟಿಪ್ರೋಸೆಸಿಂಗ್ ಬಳಸಿದಾಗ ವಿಂಡೋಸಿನಲ್ಲಿ ಪ್ರತಿ ಹೊಸ ಪ್ರೋಸೆಸ್ಸಿಗೂ ಪೈಥಾನನ್ನು ಹೊಸದಾಗಿ ಎಬ್ಬಿಸಬೇಕು. ಆ ಕರೆ ಹೋಗುವುದು ಸಿಸ್ ಎಕ್ಸಿಕ್ಯೂಟಬಲ್‌ಗೆ. ಸಾಮಾನ್ಯವಾಗಿ ಅಲ್ಲಿ ಪೈಥಾನ್ ಇರುತ್ತದೆ, ಕಟ್ಟಿದ ಮೇಲೆ ಅಲ್ಲಿರುವುದು ನಮ್ಮ ಇಎಕ್ಸ್‌ಇ. ಎದ್ದ ಇಎಕ್ಸ್‌ಇ ಮೊದಲ ಸಾಲಿನಿಂದ ಓಡಿ ಮತ್ತೊಂದನ್ನು ಎಬ್ಬಿಸುತ್ತದೆ, ಅದು ಇನ್ನೊಂದನ್ನು. ಮೇನ್ ಭಾಗದ ಮೊಟ್ಟಮೊದಲ ಸಾಲಾಗಿ ಫ್ರೀಜ್ ಸಪೋರ್ಟ್ ಕರೆದರೆ ನಿಲ್ಲುತ್ತದೆ. ಸಬ್‌ಪ್ರೋಸೆಸ್‌ನಿಂದ ಇನ್ನೊಂದು ಪೈ ಕಡತವನ್ನು ಸಿಸ್ ಎಕ್ಸಿಕ್ಯೂಟಬಲ್ ಮೂಲಕ ಓಡಿಸಲು ಹೋದರೂ ಇದೇ ಕಥೆ.

ಟಾಸ್ಕ್ ಮ್ಯಾನೇಜರಿನಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಮಾತ್ರ ಹೆದರಬೇಕಿಲ್ಲ. ಒನ್‌ಫೈಲ್ ರೂಪದಲ್ಲಿ ಬಿಚ್ಚಿ ಕಾಯುವ ಪ್ರೋಸೆಸ್ ಒಂದು, ನಿಜವಾಗಿ ಓಡುವುದು ಇನ್ನೊಂದು. ಎರಡಿರುವುದೇ ಕ್ರಮ.

ಕನ್ನಡ ಹಾಕಿದರೆ ಪ್ರೋಗ್ರಾಂ ಕೆಡುತ್ತದೆ, ಇಂಗ್ಲಿಷಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ ಎಂಬ ಮಾತು ನಮ್ಮವರ ಬಾಯಲ್ಲೇ ಬರುತ್ತದೆ.

ವಾಸ್ತವ: ಪೈಥಾನ್ 3ಕ್ಕೆ ಕನ್ನಡ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ನಾವು ಕಡತ ತೆರೆಯುವಾಗ ಹೇಳದೆ ಬಿಟ್ಟ ಎನ್‌ಕೋಡಿಂಗ್. ಹೇಳದಿದ್ದರೆ ಪೈಥಾನ್ ಆ ಯಂತ್ರದ ರೂಢಿಯನ್ನು ಹಿಡಿಯುತ್ತದೆ. ಭಾರತದ ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸಿನಲ್ಲಿ ಆ ರೂಢಿ ಸಿಪಿ1252, ಪಶ್ಚಿಮ ಯುರೋಪಿನ ಲಿಪಿಗಳಿಗಾಗಿ ಮಾಡಿದ್ದು. ನಮ್ಮ ಕಡತ ಇರುವುದೋ ಯುಟಿಎಫ್-8ರಲ್ಲಿ.

ಇಲ್ಲಿ ಆಗುವುದು ವಿಚಿತ್ರವಾಗಿದೆ, ಸ್ವಲ್ಪ ನಿಂತು ನೋಡುವಂಥದ್ದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಒತ್ತಕ್ಷರ ಹುಟ್ಟಿಸುವ ಹಲಂತ ಚಿಹ್ನೆಯ ಕೊನೆಯ ಬೈಟು ಹೆಕ್ಸ್ ಲೆಕ್ಕದಲ್ಲಿ 8ಡಿ. ಉಕಾರದ ಕೊಂಬಿನ ಕೊನೆಯ ಬೈಟು 81. ಸಿಪಿ1252ರಲ್ಲಿ ಐದು ಬೈಟುಗಳಿಗೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ, ಆ ಐದರಲ್ಲಿ ಇವೆರಡೂ ಸೇರಿವೆ. ಏ, ಐ, ಝ ಅಕ್ಷರಗಳ ಕೊನೆಯ ಬೈಟುಗಳೇ ಉಳಿದ ಮೂರು. ಹಾಗಾಗಿ ಕಡತದಲ್ಲಿ ಮರ, ಮನೆ ಎಂಬ ಪದಗಳಷ್ಟೇ ಇದ್ದರೆ ಎರರ್ ಬರದೆ, ಅರ್ಥವಿಲ್ಲದ ಯುರೋಪಿನ ಅಕ್ಷರಗಳು ಮೂಡುತ್ತವೆ. ಊರು, ಅಕ್ಕ ಎಂಬ ಪದ ಬಂದ ಕ್ಷಣವೇ ಚಾರ್‌ಮ್ಯಾಪ್ ಕೋಡೆಕ್‌ಗೆ ಬಿಡಿಸಲಾಗಲಿಲ್ಲ ಎಂದು ಪ್ರೋಗ್ರಾಂ ಸಾಯುತ್ತದೆ. ಕೆಲವು ಕನ್ನಡ ಕಡತಗಳು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ ಎಂಬ ದೂರಿನ ಹಿಂದಿರುವುದು ಇದು. ಒತ್ತಕ್ಷರಗಳನ್ನು ಬಿಡಿಸಿ ಬರೆಯಿರಿ ಎಂಬ ಸಲಹೆಯೂ ಇಂಥ ಅರೆಬರೆ ಅನುಭವದಿಂದಲೇ ಹುಟ್ಟುವುದು.

ನಮ್ಮ ಯಂತ್ರದಲ್ಲಿ ಏಕೆ ಕೆಡಲಿಲ್ಲ? ಎಂದೋ ಪೈಥಾನ್‌ಯುಟಿಎಫ್8 ಎಂಬ ಎನ್ವಿರಾನ್‌ಮೆಂಟ್ ಚರ ಹಾಕಿ ಮರೆತಿರುತ್ತೇವೆ. ಇಲ್ಲವೇ ವಿಂಡೋಸಿನ ಪ್ರಾದೇಶಿಕ ಸೆಟ್ಟಿಂಗಿನಲ್ಲಿ ಬೀಟಾ ಎಂದು ಬರೆದಿರುವ ಯುಟಿಎಫ್-8 ಚೌಕಕ್ಕೆ ಗುರುತು ಹಾಕಿರುತ್ತೇವೆ. ಅದೂ ಅಲ್ಲದಿದ್ದರೆ ನಾವು ಪರೀಕ್ಷಿಸಿದ ಪಟ್ಟಿ ಇಂಗ್ಲಿಷಿನಲ್ಲಿತ್ತು, ಬಳಸುವವರದ್ದು ಕನ್ನಡದಲ್ಲಿದೆ. ಮದ್ದು ಸಣ್ಣದು: ಓಪನ್ ಎಂದು ಬರೆದಲ್ಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿ. ಎಕ್ಸೆಲ್‌ನಲ್ಲಿ ತೆರೆಯಬೇಕಾದ ಸಿಎಸ್‌ವಿ ಬರೆಯುವುದಾದರೆ ಯುಟಿಎಫ್-8-ಸಿಗ್ ಎನ್ನಿ.

ಪ್ರಿಂಟ್ ಮಾಡುವುದರಲ್ಲೂ ಒಂದು ಸೂಕ್ಷ್ಮವಿದೆ. ಪೈಥಾನ್ 3.6ರಿಂದ ಈಚೆಗೆ ಕಮಾಂಡ್ ಪ್ರಾಂಪ್ಟ್‌ಗೆ ನೇರವಾಗಿ ಕನ್ನಡ ಬರೆದರೆ ಎರರ್ ಬರುವುದಿಲ್ಲ. ಫಾಂಟ್ ಇಲ್ಲದೆ ಚೌಕಗಳು ಕಂಡಾವು, ಅಷ್ಟೇ. ಅದೇ ಔಟ್‌ಪುಟ್ಟನ್ನು ಕಡತಕ್ಕೆ ತಿರುಗಿಸಿದರೆ ಮತ್ತೆ ಸಿಪಿ1252 ಬಂದು ಅಡ್ಡ ನಿಲ್ಲುತ್ತದೆ.

ಫೋಲ್ಡರಿಗೆ ಕನ್ನಡ ಹೆಸರಿಡಬಾರದು ಎಂಬ ಮಾತಿನಲ್ಲಿ ಮಾತ್ರ ಚೂರು ನಿಜವಿದೆ, ಅದು ಇಎಕ್ಸ್‌ಇಯ ತಪ್ಪಲ್ಲದಿದ್ದರೂ. ಓಪನ್‌ಸಿವಿಯ ಚಿತ್ರ ಓದುವ ಫಂಕ್ಷನ್ ವಿಂಡೋಸಿನಲ್ಲಿ ಕನ್ನಡ ಅಕ್ಷರಗಳಿರುವ ವಿಳಾಸವನ್ನು ತೆರೆಯಲಾರದೆ, ಎರರನ್ನೂ ಎಸೆಯದೆ, ನನ್ ಕೊಟ್ಟು ಸುಮ್ಮನಾಗುತ್ತದೆ. ಬಿಡಿ ಸ್ಕ್ರಿಪ್ಟಿನಲ್ಲೂ ಅದರ ಚಾಳಿ ಅದೇ.

ಆಂಟಿವೈರಸ್ ಅಳಿಸಿಹಾಕಿತು, ಹಾಗಾದರೆ ನಮ್ಮ ಕಂಪ್ಯೂಟರಿನಲ್ಲೇ ವೈರಸ್ ಇದೆ, ಇಲ್ಲವೇ ಪೈಇನ್‌ಸ್ಟಾಲರ್ ಅದನ್ನು ಸೇರಿಸುತ್ತದೆ ಎಂದು ಹೆದರುತ್ತೇವೆ.

ವಾಸ್ತವ: ದುಷ್ಟ ಪ್ರೋಗ್ರಾಂ ಬರೆಯುವವರೂ ಪೈಇನ್‌ಸ್ಟಾಲರನ್ನೇ ಬಳಸುತ್ತಾರೆ. ಅವರ ಇಎಕ್ಸ್‌ಇಯ ಬೂಟ್‌ಲೋಡರೂ ನಮ್ಮದರ ಬೂಟ್‌ಲೋಡರೂ ಒಂದೇ. ಸಹಿಯಿಲ್ಲದ, ಯಾರೂ ಹಿಂದೆ ಕಂಡಿರದ, ತನ್ನನ್ನು ಟೆಂಪ್‌ಗೆ ಬಿಚ್ಚಿಕೊಂಡು ಓಡುವ ಕಡತವನ್ನು ಆಂಟಿವೈರಸ್ ಶಂಕಿಸುವುದು ಅನ್ಯಾಯವೇನಲ್ಲ. ಒನ್‌ಡಿರ್ ರೂಪದಲ್ಲಿ ಕೊಟ್ಟರೆ, ಯುಪಿಎಕ್ಸ್ ಎಂಬ ಕುಗ್ಗಿಸುವ ಉಪಕರಣ ಬಿಟ್ಟರೆ, ಬೂಟ್‌ಲೋಡರನ್ನು ನಮ್ಮಲ್ಲೇ ಹೊಸದಾಗಿ ಕಂಪೈಲ್ ಮಾಡಿಕೊಂಡರೆ ಶಂಕೆ ಕಡಿಮೆಯಾಗಬಹುದು. ಕೋಡ್ ಸೈನಿಂಗ್ ಸರ್ಟಿಫಿಕೇಟ್ ಗಟ್ಟಿ ಉಪಾಯ, ಆದರೆ ದುಡ್ಡು ಬೇಕು. ತಪ್ಪು ಗುರುತೆಂದು ಆಂಟಿವೈರಸ್ ತಯಾರಕರಿಗೆ ಕಡತ ಕಳಿಸಿ ತಿದ್ದಿಸುವ ದಾರಿಯೂ ಇದೆ. ಬಳಸುವವರಿಗೆ ಆಂಟಿವೈರಸ್ ಆರಿಸಿ ಎನ್ನುವುದು ಮಾತ್ರ ಕೆಟ್ಟ ಸಲಹೆ. ಇಂದು ನಮ್ಮ ಮಾತಿಗೆ ಆರಿಸಿದವರು ನಾಳೆ ಇನ್ನಾರದೋ ಮಾತಿಗೂ ಆರಿಸುತ್ತಾರೆ.

ಲಿನಕ್ಸಿನಲ್ಲೋ ಮ್ಯಾಕ್‌ನಲ್ಲೋ ಕಟ್ಟಿದ್ದಕ್ಕೆ ಇಎಕ್ಸ್‌ಇ ಎಂದು ಬಾಲ ಅಂಟಿಸಿದರೆ ವಿಂಡೋಸಿನಲ್ಲಿ ಓಡುತ್ತದೆ ಎಂಬುದು ಇನ್ನೊಂದು.

ವಾಸ್ತವ: ಓಡುವುದಿಲ್ಲ. ಎಲ್ಲಿ ಓಡಬೇಕೋ ಆ ವ್ಯವಸ್ಥೆಯಲ್ಲೇ ಕಟ್ಟಬೇಕು. 64 ಬಿಟ್ ಪೈಥಾನ್‌ನಿಂದ ಕಟ್ಟಿದ್ದು 32 ಬಿಟ್ ವಿಂಡೋಸಿನಲ್ಲಿ ಓಡದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರಲ್ಲಿ ಬೆಂಬಲ ನಿಲ್ಲಿಸಿತು, ಹಾಗೆಂದು ಅದರಲ್ಲೇ ದಿನ ನೂಕುವ ಯಂತ್ರಗಳು ಮಾಯವಾಗಲಿಲ್ಲ. ಪೈಥಾನ್ 3.9 ಮತ್ತು ಮುಂದಿನವು ಅಲ್ಲಿ ಓಡುವುದಿಲ್ಲ, ಅವುಗಳಿಂದ ಕಟ್ಟಿದ ಇಎಕ್ಸ್‌ಇಯೂ ಓಡುವುದಿಲ್ಲ. ಅಲ್ಲಿಗೆ 3.8 ಕೊನೆಯದು. ಲಿನಕ್ಸಿನಲ್ಲಿ ಹಳೆಯ ಆವೃತ್ತಿಯಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ ಆವೃತ್ತಿ ಸಾಲದೆಂದು ನಿಂತುಬಿಡಬಹುದು.

ಇನ್ನು ಅಡ್ಮಿನ್ ಆಗಿ ಓಡಿಸುವುದು, ಸ್ಪೇಸ್ ತೆಗೆಯುವುದು, ಪ್ಯಾಕೇಜರ್ ಬದಲಿಸುವುದು ಮುಂತಾದ ಕೈಮದ್ದುಗಳು.

ವಾಸ್ತವ: ಅಡ್ಮಿನ್ ಆಗಿ ಓಡಿಸಿದಾಗ ಸರಿಹೋದರೆ, ಬರೆಯಬಾರದ ಜಾಗದಲ್ಲಿ ಪ್ರೋಗ್ರಾಂ ಬರೆಯುತ್ತಿದೆ ಎಂದರ್ಥ. ಸರಿಪಡಿಸಬೇಕಾದದ್ದು ಆ ಜಾಗವನ್ನು. ಕಚೇರಿಯ ನೆಟ್‌ವರ್ಕಿನಲ್ಲಿ ಇದರಿಂದ ಹೊಸ ತೊಂದರೆಯೂ ಬರುತ್ತದೆ: ನಾವು ಜೋಡಿಸಿಕೊಂಡ ನೆಟ್‌ವರ್ಕ್ ಡ್ರೈವು ಅಡ್ಮಿನ್ ಆಗಿ ಓಡುವ ಪ್ರೋಗ್ರಾಮಿಗೆ ಹೆಚ್ಚಾಗಿ ಕಾಣುವುದೇ ಇಲ್ಲ. ಹೆಸರಿನಲ್ಲಿ ಸ್ಪೇಸ್ ಇದ್ದು ಕೆಟ್ಟರೆ, ಹೊರಗಿನ ಪ್ರೋಗ್ರಾಂ ಕರೆಯುವಾಗ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದುದು ಕಾರಣ. ಪ್ಯಾಕೇಜರ್‌ಗಳಲ್ಲಿ ನ್ಯೂಟ್ಕಾ ಎಂಬುದು ಬೇರೆ ಜಾತಿಯದು, ಪೈಥಾನನ್ನು ಸಿ ಭಾಷೆಗೆ ಇಳಿಸಿ ನಿಜವಾಗಿಯೂ ಕಂಪೈಲ್ ಮಾಡುತ್ತದೆ. ಆದರೆ ಎಲ್ಲಿ ಓದಬೇಕು, ಎಲ್ಲಿ ಬರೆಯಬೇಕು ಎಂದು ಹೇಳದ ಸ್ಕ್ರಿಪ್ಟು ಅದರಲ್ಲೂ ಕೆಡುತ್ತದೆ.

ಇಎಕ್ಸ್‌ಇ ಮಾಡಿದ್ದರಿಂದ ಕೋಡು ಗುಟ್ಟಾಯಿತು, ಪಾಸ್‌ವರ್ಡ್ ಒಳಗಿಟ್ಟರೂ ಯಾರಿಗೂ ಕಾಣದು ಎಂಬ ನೆಮ್ಮದಿ ಕೊನೆಯದು. ಓಡದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಹೇಳದೆ ಬಿಡುವಂತಿಲ್ಲ.

ವಾಸ್ತವ: ಕಾಣುತ್ತದೆ. ಒಳಗೇನಿದೆ ಎಂದು ನೋಡುವ ಆರ್ಕೈವ್ ವ್ಯೂವರ್ ಪೈಇನ್‌ಸ್ಟಾಲರ್ ಜತೆಗೇ ಬರುತ್ತದೆ. ಬೈಟ್‌ಕೋಡನ್ನು ಹೊರತೆಗೆಯುವ, ಅದರಿಂದ ಓದಬಲ್ಲ ಪೈಥಾನ್ ಮಾಡುವ ಉಪಕರಣಗಳೂ ಬಿಟ್ಟಿಯಾಗಿ ಸಿಗುತ್ತವೆ. ಸ್ಟ್ರಿಂಗ್ ಆಗಿ ಬರೆದ ಪಾಸ್‌ವರ್ಡಿಗೆ ಅಷ್ಟು ಶ್ರಮವೂ ಬೇಡ. ಬೈಟ್‌ಕೋಡನ್ನು ಗೂಢಲಿಪಿ ಮಾಡುವ ಆಯ್ಕೆಯೊಂದು ಹಿಂದೆ ಇತ್ತು. ಬೀಗದ ಜತೆಗೇ ಕೀಲಿಯನ್ನೂ ಕೊಡುವ ಏರ್ಪಾಡಾಗಿದ್ದರಿಂದ ಅದನ್ನು 6.0ರಲ್ಲಿ ತೆಗೆದುಹಾಕಿದರು. ಡೇಟಾಬೇಸಿನ ಪಾಸ್‌ವರ್ಡು, ಎಪಿಐ ಕೀಲಿ ಯಾವುದನ್ನೂ ಒಳಗಿಟ್ಟು ಹಂಚಬೇಡಿ. ಈಗಾಗಲೇ ಹಂಚಿದ್ದರೆ ಇಂದೇ ಬದಲಿಸಿ.

ಇಷ್ಟಾದ ಮೇಲೂ ಓಡದಿದ್ದರೆ ಯಾರನ್ನಾದರೂ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಇಎಕ್ಸ್‌ಇ ಓಡುತ್ತಿಲ್ಲ ಎಂದಷ್ಟೇ ಬರೆದು, ಮಬ್ಬು ಫೋಟೋ ಒಂದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಬೇಡಿ. ಟ್ರೇಸ್‌ಬ್ಯಾಕ್‌ನ ಪೂರ್ತಿ ಪಠ್ಯ, ಪೈಥಾನ್ ಮತ್ತು ಪೈಇನ್‌ಸ್ಟಾಲರ್‌ಗಳ ಆವೃತ್ತಿ, ಕಟ್ಟಲು ಕೊಟ್ಟ ಆಜ್ಞೆ, ಕಟ್ಟಿದ ಮತ್ತು ಓಡಿಸಿದ ವಿಂಡೋಸ್ ಯಾವುದೆಂಬ ಮಾಹಿತಿ, ವಾರ್ನ್ ಕಡತ, ಇಷ್ಟನ್ನು ಜತೆಗೆ ಕಳಿಸಿ.